ಮಾಡು ಬಿಚ್ಚಿದ ನಾಲ್ವರು

ಧ್ಯಾನಕ್ಕೆ: ಸಂತ ಮಾರ್ಕನ ಶುಭಸಂದೇಶ, 2ನೆಯ ಅಧ್ಯಾಯ, 1ರಿಂದ 12ನೆಯ ವಚನಗಳು



ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯವರಿಗೆ ಮಳೆಗಾಲ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಡಾಂಬರು ರಸ್ತೆ ಒಂದು ಕಡೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಕೆಂಪು ಮಣ್ಣಿನ ದಾರಿ, ಅದರಾಚೆ ಹಳ್ಳ, ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆ ಮರದ ಸಂಕ, ಸಂಕದಾಚೆ ನಾಲ್ಕು ಮನೆ. 2008ರಲ್ಲಿ ನಮ್ಮ ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಸೇವೆ ಆರಂಭವಾಯಿತು. ಅದರಿಂದ ಎಷ್ಟೋ ಜೀವಗಳು ಉಳಿದಿವೆ. ಆದರೆ ಆಂಬ್ಯುಲೆನ್ಸಿಗೂ ರಸ್ತೆ ಬೇಕು. ರಸ್ತೆ ತಲುಪದ ಊರುಗಳಲ್ಲಿ ಇಂದಿಗೂ ಕಾಯಿಲೆಯವರನ್ನು ಹೊರಗೆ ತರುವುದು ಕಂಬಳಿ ಜೋಲಿಯೇ. ಒಂದು ಕಂಬಳಿ, ಒಂದು ಬಿದಿರು ಗಳ, ನಾಲ್ಕು ಜನರ ಹೆಗಲು. ಇಬ್ಬರು ಹೊರುತ್ತಾರೆ, ಇಬ್ಬರು ಹೆಗಲು ಬದಲಾಯಿಸಲು ಪಕ್ಕದಲ್ಲೇ ನಡೆಯುತ್ತಾರೆ.

ಇಂಥ ಜೋಲಿಯ ಹಿಂದೆ ಒಮ್ಮೆ ನಡೆದ ಮೇಲೆ ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನಾನು ಮೊದಲಿನಂತೆ ಓದಲಾರದವನಾದೆ. ಆ ಅಧ್ಯಾಯದಲ್ಲೂ ಒಬ್ಬ ರೋಗಿಯಿದ್ದಾನೆ, ಅವನನ್ನು ಹೊತ್ತ ನಾಲ್ವರಿದ್ದಾರೆ. ಈ ವಾರ ಅವರ ಬಗ್ಗೆ ಸ್ವಲ್ಪ ಚಿಂತಿಸೋಣ.

ಮಾರ್ಕನು ಹೇಳುವ ಘಟನೆ

ಪ್ರಭು ಯೇಸು ಕಫೆರ್ನವುಮ್ ಊರಿಗೆ ಮರಳಿ ಬಂದಿದ್ದಾರೆ. ಸುದ್ದಿ ಹರಡಿ ಮನೆ ತುಂಬಿದೆ, ಬಾಗಿಲ ಹೊರಗೂ ಕಾಲಿಡಲು ಜಾಗವಿಲ್ಲ. ಆಗ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆಯ ಸಮೇತ ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿಯಿಲ್ಲ. ಅವರು ಹಿಂದಿರುಗುವುದಿಲ್ಲ. ಮಾಡಿನ ಮೇಲೆ ಹತ್ತಿ, ಯೇಸು ಇರುವ ಕಡೆ ಮಾಡನ್ನು ಬಿಚ್ಚಿ, ಹಾಸಿಗೆಯನ್ನು ಮೆಲ್ಲನೆ ಕೆಳಗಿಳಿಸುತ್ತಾರೆ. ಯೇಸು ಅವರ ವಿಶ್ವಾಸವನ್ನು ಕಂಡು ಮೊದಲು ರೋಗಿಯ ಪಾಪಗಳನ್ನು ಕ್ಷಮಿಸುತ್ತಾರೆ. ಅಲ್ಲಿ ಕುಳಿತಿದ್ದ ಧರ್ಮಶಾಸ್ತ್ರಿಗಳು ಇದು ದೇವದೂಷಣೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ. ಅವರ ಮನಸ್ಸನ್ನು ಅರಿತ ಯೇಸು, ಕ್ಷಮಿಸುವ ಅಧಿಕಾರ ನರಪುತ್ರನಿಗೆ ಇದೆ ಎಂದು ತೋರಿಸಲು ರೋಗಿಗೆ ಎದ್ದು ಹಾಸಿಗೆ ಹೊತ್ತು ಮನೆಗೆ ಹೋಗುವಂತೆ ಅಪ್ಪಣೆ ಕೊಡುತ್ತಾರೆ. ಅವನು ಎಲ್ಲರ ಕಣ್ಣೆದುರೇ ಎದ್ದು ನಡೆಯುತ್ತಾನೆ.

ಈ ಘಟನೆ ಮತ್ತಾಯ ಮತ್ತು ಲೂಕರಲ್ಲಿಯೂ ಇದೆ. ಮತ್ತಾಯನು ಮಾಡಿನ ವಿಷಯವನ್ನೇ ಎತ್ತುವುದಿಲ್ಲ. ಲೂಕನು ಹೆಂಚು ತೆಗೆದರು ಎನ್ನುತ್ತಾನೆ. ಹೆಂಚಿನ ಮನೆಗಳನ್ನು ಕಂಡಿದ್ದ ಪಟ್ಟಣದ ಓದುಗರಿಗೆ ಅದು ಸುಲಭವಾಗಿ ಅರ್ಥವಾಗುತ್ತಿತ್ತು. ಮಾರ್ಕನ ಮೂಲ ಭಾಷೆಯಲ್ಲಿ ಇರುವುದು 'ಅಗೆದರು' ಎಂಬ ಅರ್ಥದ ಪದ. ಫ್ರಾನ್ಸಿಸ್ಕನ್ ಸಭೆಯ ಪಂಡಿತರು 1968ರಿಂದ ಕಫೆರ್ನವುಮ್‌ನಲ್ಲಿ ಉತ್ಖನನ ನಡೆಸಿದಾಗ ಕಪ್ಪು ಕಲ್ಲಿನ ಪುಟ್ಟ ಮನೆಗಳ ತಳಪಾಯಗಳು, ಅಂಗಳಗಳು, ಮಾಡಿಗೆ ಹತ್ತುವ ಕಲ್ಲಿನ ಮೆಟ್ಟಿಲುಗಳು ಕಂಡುಬಂದವು. ಆ ಗೋಡೆಗಳಿಗೆ ಭಾರದ ಮಾಡನ್ನು ಹೊರುವ ಶಕ್ತಿ ಇರಲಿಲ್ಲ. ಮರದ ತೊಲೆ, ಅದರ ಮೇಲೆ ಕೊಂಬೆ ಮತ್ತು ಹುಲ್ಲು, ಅದರ ಮೇಲೆ ಮಣ್ಣು: ಹೀಗಿತ್ತು ಅಲ್ಲಿನ ಮಾಡು. ಸೋಗೆ ಮಾಡಿನ ಮನೆಗಳನ್ನು ಕಂಡ ನಮ್ಮ ಹಿರಿಯರಿಗೆ ಇದು ತಟ್ಟನೆ ತಿಳಿಯುತ್ತದೆ. ಅಂಥ ಮಾಡನ್ನು ನಾಲ್ವರು ಅಗೆದರೆ ಕೆಳಗೆ ಕುಳಿತವರ ತಲೆಯ ಮೇಲೆ ಮಣ್ಣು ಸುರಿಯದೆ ಇರುತ್ತದೆಯೇ? ಪ್ರಭು ಯೇಸುವಿನ ಮೇಲೂ ಬಿದ್ದಿರಬೇಕು. ಅವರು ಗದರಿಸಲಿಲ್ಲ. ಮೇಲೆ ನೋಡಿದರು. ಮಣ್ಣು ಮೆತ್ತಿದ ನಾಲ್ಕು ಮುಖಗಳಲ್ಲಿ ವಿಶ್ವಾಸವನ್ನು ಕಂಡರು.

ನಮ್ಮ ಊರಿನ ಜೋಲಿ

ಕೆಲವು ವರ್ಷಗಳ ಹಿಂದೆ ಘಟ್ಟದ ಮೇಲಿನ ಒಂದು ಧರ್ಮಕೇಂದ್ರದಲ್ಲಿ ನಾನು ಸೇವೆಯಲ್ಲಿದ್ದೆ. ನಮ್ಮ ಒಬ್ಬ ಭಕ್ತರು ಕೊನೆಗೌಡರಾಗಿದ್ದರು. ಅಡಿಕೆ ಮರ ಹತ್ತಿ ಕೊನೆ ಇಳಿಸುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವುದು ಅವರ ಕಸುಬು. ಜುಲೈ ತಿಂಗಳ ಒಂದು ಬೆಳಿಗ್ಗೆ, ಪಾಚಿ ಕಟ್ಟಿದ ಮರದಿಂದ ಜಾರಿ ಬಿದ್ದರು. ನನಗೆ ಫೋನು ಬಂತು. ಅಭ್ಯಂಗದ ತೈಲ ತೆಗೆದುಕೊಂಡು ಜೀಪು ಹೋಗುವ ತನಕ ಹೋಗಿ ಅಲ್ಲಿಂದ ನಡೆದೆ. ಅರ್ಧ ದಾರಿಯಲ್ಲಿ ಜೋಲಿ ಎದುರಾಯಿತು.

ಹೊತ್ತವರು ನಾಲ್ವರು. ಒಬ್ಬರು ಅವರ ಭಾವ. ಇನ್ನೊಬ್ಬ ಪಕ್ಕದ ಕೇರಿಯ ಸಿದ್ದಿ ಯುವಕ. ಮೂರನೆಯವನು ಆ ತೋಟದ ಯಜಮಾನರ ಮಗ, ಹವ್ಯಕರ ಹುಡುಗ. ನಾಲ್ಕನೆಯವರು ಹಾಲು ಡೇರಿಗೆ ಹೊರಟಿದ್ದ ದಾರಿಹೋಕರು. ಹಾಲಿನ ಕ್ಯಾನನ್ನು ಯಾರದೋ ಅಂಗಳದಲ್ಲಿ ಇಟ್ಟು ಬಂದಿದ್ದರು. ನಾನು ಅಲ್ಲೇ ನಿಂತು ಅಭ್ಯಂಗ ನೀಡಿ ಪ್ರಾರ್ಥಿಸಿ, ಕೊಡೆ ಹಿಡಿದುಕೊಂಡು ಹಿಂದಿನಿಂದ ನಡೆದೆ. ಸ್ವಲ್ಪ ದೂರ ಹೋದ ಮೇಲೆ ಹಾಲಿನವರು ಏದುಸಿರು ಬಿಡುತ್ತಾ, "ಫಾದರ್, ಕೊಡೆ ಮಡಚಿ, ಸ್ವಲ್ಪ ಹೆಗಲು ಕೊಡ್ತೀರಾ?" ಎಂದರು. ನನಗೆ ತಾನಾಗಿ ಆ ಯೋಚನೆ ಬಂದಿರಲಿಲ್ಲ. ಎಂಟು ವರ್ಷ ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನಿಗೆ ಅಂದಿನ ಪಾಠ ಹೇಳಿದವರು ಹಾಲಿನವರು.

ಆ ಭಕ್ತರು ಬದುಕಿದರು. ಆದರೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಶಕ್ತಿ ಹೋಯಿತು. ಈ ಘಟನೆಯ ಬೆಳಕಿನಲ್ಲಿ ಹಾಸಿಗೆಯ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಹಿಡಿದು ನೋಡೋಣ.

ಮೊದಲ ಮೂಲೆ: ಹತ್ತಿರ ಹೋಗುವುದು

ಯೇಸುವಿನ ಕರುಣೆಯನ್ನು ಹೇಳಲು ಶುಭಸಂದೇಶಕರ್ತರು ಬಳಸುವ ಗ್ರೀಕ್ ಪದಕ್ಕೆ ಮೂಲ ಅರ್ಥ ಕರುಳು. ಕುರುಬನಿಲ್ಲದ ಕುರಿಗಳಂತಿದ್ದ ಜನರನ್ನು ಕಂಡಾಗ, ನಾಯಿನ್ ಊರಿನ ವಿಧವೆಯನ್ನು ಕಂಡಾಗ ಬರುವುದು ಇದೇ ಪದ. ಸಮಾರಿತನ ಸಾಮತಿಯಲ್ಲಿ, ದುಂದುಗಾರ ಮಗನ ಸಾಮತಿಯಲ್ಲಿಯೂ ಇದೇ ಇದೆ. ನಮ್ಮ ಕನ್ನಡದಲ್ಲಿ ಇದನ್ನು ವಿವರಿಸಬೇಕಾಗಿಲ್ಲ. 'ಕರುಳು ಚುರುಕ್ಕೆಂದಿತು' ಎನ್ನುವ ಭಾಷೆ ನಮ್ಮದು. ಮಾರ್ಕನ ಈ ಘಟನೆಯಲ್ಲಿ ಆ ಪದ ಬರುವುದಿಲ್ಲ ನಿಜ. ಆದರೆ ನಾಲ್ವರ ನಡೆಯಲ್ಲಿ ಆ ಅರ್ಥ ತಾನಾಗಿ ಕಾಣುತ್ತದೆ. ಕರುಳು ಮಿಡಿಯಲು ಮೊದಲು ಹತ್ತಿರ ಹೋಗಬೇಕು. ದೂರದಿಂದ ಕಂಡವನಿಗೆ ರೋಗ ಕಾಣುತ್ತದೆ. ಹತ್ತಿರ ಹೋದವನಿಗೆ ಮನುಷ್ಯ ಕಾಣುತ್ತಾನೆ.

ಹತ್ತಿರ ಹೋಗದಂತೆ ನಮ್ಮನ್ನು ತಡೆಯುವುದು ಅನೇಕ ಸಲ ಭಯ. ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರ ಸಿದ್ದಾಪುರದ ಹಳ್ಳಿಗಳನ್ನು ಮತ್ತೆ ಮತ್ತೆ ಕಾಡಿದೆ. 2024ರ ಆರಂಭದ ತಿಂಗಳುಗಳಲ್ಲಿಯೂ ಆ ತಾಲೂಕಿನಲ್ಲಿ ಅನೇಕರು ಮಲಗಿದರು, ಸಾವುಗಳೂ ಆದವು. ಸೊಪ್ಪಿನ ಬೆಟ್ಟಕ್ಕೆ ಹೋಗದೆ ತೋಟಕ್ಕೆ ಗೊಬ್ಬರವಿಲ್ಲ, ಕಾಡಿಗೆ ಹೋಗದೆ ಒಲೆಗೆ ಕಟ್ಟಿಗೆಯಿಲ್ಲ. ಹಾಗಾಗಿ ಈ ಕಾಯಿಲೆ ಹೆಚ್ಚಾಗಿ ಹಿಡಿಯುವುದು ದುಡಿಯುವವರನ್ನೇ. ಇದು ಹರಡುವುದು ಉಣುಗು ಕಚ್ಚುವುದರಿಂದ ಅಥವಾ ಕಾಯಿಲೆ ಬಿದ್ದ, ಸತ್ತ ಮಂಗನ ಸಂಪರ್ಕದಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದರೂ ಜ್ವರ ಬಂದ ಮನೆಯ ಅಂಗಳಕ್ಕೆ ಕಾಲಿಡಲು ಜನ ಹಿಂಜರಿಯುತ್ತಾರೆ. ಪ್ರಿಯ ಭಕ್ತರೇ, ಎಚ್ಚರಿಕೆ ಬೇರೆ, ಹೆದರಿ ದೂರ ಸರಿಯುವುದು ಬೇರೆ. ಕಾಡಿಗೆ ಹೋಗುವಾಗ ಆರೋಗ್ಯ ಇಲಾಖೆಯವರು ಕೊಡುವ ತೈಲ ಹಚ್ಚಿಕೊಳ್ಳಿ, ಮೈತುಂಬ ಬಟ್ಟೆ ಹಾಕಿಕೊಳ್ಳಿ, ಮನೆಗೆ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ, ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಆದರೆ ಜ್ವರದವರ ಮನೆಗೆ ಗಂಜಿ ಕೊಂಡುಹೋಗಲು ಹೆದರಬೇಡಿ. ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ ಪ್ರಭುವಿನ ಶಿಷ್ಯರು ನಾವು.

ಎರಡನೆಯ ಮೂಲೆ: ಕೂಡಿ ಹೊರುವುದು

ಮಾರ್ಕನು ನಾಲ್ವರ ಹೆಸರು ಹೇಳುವುದಿಲ್ಲ. ಅವರು ಪ್ರೇಷಿತರೆಂದಾಗಲಿ, ಶಿಷ್ಯರೆಂದಾಗಲಿ ಹೇಳುವುದಿಲ್ಲ. ನೆಂಟರೋ, ನೆರೆಯವರೋ, ದಾರಿಯಲ್ಲಿ ಸಿಕ್ಕವರೋ ತಿಳಿಯದು. ಒಂದು ಮಾತ್ರ ಸ್ಪಷ್ಟ: ಯೇಸು ಕಂಡದ್ದು ಹೊತ್ತವರ ವಿಶ್ವಾಸವನ್ನು. ಮಲಗಿದವನ ವಿಶ್ವಾಸವೆಷ್ಟಿತ್ತೋ ಗೊತ್ತಿಲ್ಲ. ವರ್ಷಗಟ್ಟಲೆ ಹಾಸಿಗೆ ಹಿಡಿದವರಿಗೆ ಪ್ರಾರ್ಥಿಸುವ ಮನಸ್ಸೂ ಬತ್ತಿಹೋಗುವುದುಂಟು. ಆಗ ಬೇರೆಯವರ ವಿಶ್ವಾಸ ಅವರನ್ನು ಹೊರುತ್ತದೆ. ಶಿಶುವಿಗೆ ದೀಕ್ಷಾಸ್ನಾನ ಕೊಡುವಾಗ ಧರ್ಮಸಭೆ ನಂಬುವುದೂ ಇದನ್ನೇ. ಮಗು ತಾನಾಗಿ ನಡೆದು ಬರುವುದಿಲ್ಲ. ತಂದೆತಾಯಿ, ಜ್ಞಾನಪಿತೃ, ಜ್ಞಾನಮಾತೆಯರ ಕೈಗಳಲ್ಲಿ ಬರುತ್ತದೆ.

ಇನ್ನೊಂದು ಮಾತು. ಒಬ್ಬನೇ ಹೊತ್ತರೆ ಹಾಸಿಗೆ ಏಳುವುದಿಲ್ಲ. ನಮ್ಮ ಊರಿನ ಜೋಲಿಯನ್ನು ಹೊತ್ತವರಲ್ಲಿ ನಮ್ಮ ಧರ್ಮಕೇಂದ್ರಕ್ಕೆ ಸೇರಿದವರು ಇಬ್ಬರು: ಭಾವ ಮತ್ತು ಸಿದ್ದಿ ಯುವಕ. ಸಿದ್ದಿ ಸಮುದಾಯದಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ; ಒಂದೇ ಮನೆತನದಲ್ಲಿ ಬೇರೆ ಬೇರೆ ಧರ್ಮದವರು ಇರುವುದೂ ಉಂಟು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನಮಾನ ದೊರೆಯಿತು. ಆದರೆ ನಮ್ಮಲ್ಲೇ ಕೆಲವರು ಅವರನ್ನು ಬೆಂಚಿನ ತುದಿಯಲ್ಲಿ ಕೂರಿಸಿ ನೋಡುವ ಅಭ್ಯಾಸವನ್ನು ಬಿಟ್ಟಿಲ್ಲ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಗಳದ ಒಂದು ತುದಿ ಸಿದ್ದಿ ಯುವಕನ ಹೆಗಲ ಮೇಲೆ, ಇನ್ನೊಂದು ತುದಿ ಹವ್ಯಕರ ಹುಡುಗನ ಹೆಗಲ ಮೇಲೆ ಇದ್ದಾಗ ಯಾರ ಜಾತಿ ಎತ್ತರ ಎಂದು ಜೋಲಿಯಲ್ಲಿ ಮಲಗಿದವರು ಕೇಳಲಿಲ್ಲ. ಎರಡು ಹೆಗಲೂ ಒಂದೇ ಎತ್ತರಕ್ಕೆ ಬರದಿದ್ದರೆ ಜೋಲಿ ಓರೆಯಾಗುತ್ತದೆ, ಅಷ್ಟೇ.

ಮೂರನೆಯ ಮೂಲೆ: ದಾರಿ ಮಾಡುವುದು

ಬಾಗಿಲಲ್ಲಿ ನಿಂತು ದಾರಿ ಕಟ್ಟಿದವರು ಯಾರು? ಕೆಟ್ಟವರಲ್ಲ. ದೇವರ ವಾಕ್ಯ ಕೇಳಲು ಬಂದ ಭಕ್ತರು. ಮುಖ ಯೇಸುವಿನ ಕಡೆಗಿದೆ, ಬೆನ್ನು ರೋಗಿಯ ಕಡೆಗಿದೆ. ಈ ಮಾತನ್ನು ಓದುವಾಗಲೆಲ್ಲ ನನಗೆ ಚುಚ್ಚುತ್ತದೆ. ಏಕೆಂದರೆ ನಮ್ಮ ಧರ್ಮಕೇಂದ್ರದಲ್ಲಿಯೂ ಅದೇ ನಡೆದಿತ್ತು. ಅಪಘಾತವಾದ ಮಾರನೆಯ ವರ್ಷ ಚರ್ಚಿನ ಮುಂಭಾಗವನ್ನು ಹೊಸದಾಗಿ ಕಟ್ಟಿಸಿದೆವು. ಸುಂದರವಾದ ಏಳು ಮೆಟ್ಟಿಲು, ಅದಕ್ಕೆ ಹೊಳೆಯುವ ಕಲ್ಲು. ಲೆಕ್ಕಪತ್ರ ನೋಡಿದವನು ನಾನು, ಆಶೀರ್ವದಿಸಿದವನೂ ನಾನು. ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬ ಭಕ್ತರು ನಮ್ಮಲ್ಲಿದ್ದಾರೆ ಎಂದು ಸಮಿತಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಅಂಗವಿಕಲರ ಹಕ್ಕುಗಳ ಕಾಯಿದೆ 2016ರಲ್ಲಿಯೇ ಬಂದಿದೆ. ಆದರೆ ಇದನ್ನು ಕಾಯಿದೆ ಹೇಳಿಕೊಡಬೇಕಿತ್ತೇ? ಮಾರ್ಕನ ಎರಡನೆಯ ಅಧ್ಯಾಯವನ್ನು ನಾನು ಎಷ್ಟು ಸಲ ಪೀಠದಿಂದ ಓದಿರಲಿಲ್ಲ!

ನಾಲ್ವರು ಜನರನ್ನು ಬೈಯುತ್ತಾ ನಿಲ್ಲಲಿಲ್ಲ, ಬೇರೆ ದಾರಿ ಮಾಡಿದರು. ಕರುಣೆ ಎಂದರೆ ಕಣ್ಣೀರು ಮಾತ್ರವಲ್ಲ, ಅಡ್ಡಿಯನ್ನು ತೆಗೆಯುವ ಕೆಲಸ ಕೂಡ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ, ರಸ್ತೆಗಳು ಹಾಳಾದವು. ಗುಳ್ಳಾಪುರದಲ್ಲಿ ಗಂಗಾವಳಿ ನದಿಯ ಸೇತುವೆ ಕೊಚ್ಚಿಹೋಗಿ ಆಚೆ ದಡದವರ ಸಂಪರ್ಕ ಕಡಿಯಿತು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಪ್ರಾಣ ಕಳೆದುಕೊಂಡರು. ಅಂದು ಇಡೀ ಜಿಲ್ಲೆ, ನಮ್ಮಲ್ಲೇ ದೊಡ್ಡ ಆಸ್ಪತ್ರೆ ಬೇಕು ಎಂದು ದನಿ ಎತ್ತಿತು. 2016ರಲ್ಲಿ ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದರೂ ಘಟ್ಟದ ಮೇಲಿನವರು ತಲೆಗೋ ಬೆನ್ನಿಗೋ ದೊಡ್ಡ ಪೆಟ್ಟಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವವರು. ಸಂಕಕ್ಕಾಗಿ, ರಸ್ತೆಗಾಗಿ, ಆಸ್ಪತ್ರೆಗಾಗಿ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದು ರಾಜಕೀಯವೆಂದು ನಮ್ಮಲ್ಲಿ ಕೆಲವರು ಹಿಂದೆ ಸರಿಯುತ್ತಾರೆ. ನನ್ನ ಮಟ್ಟಿಗೆ ಅದು ಮಾಡು ಬಿಚ್ಚುವ ಕೆಲಸ. ಅದೂ ಕ್ರೈಸ್ತ ಸೇವೆಯೇ. 2005ರ ತಮ್ಮ ವಿಶ್ವಪತ್ರದಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ವಾಕ್ಯ ಸಾರುವುದು, ಸಂಸ್ಕಾರಗಳನ್ನು ನೆರವೇರಿಸುವುದು, ಪ್ರೀತಿಯ ಸೇವೆ ಈ ಮೂರನ್ನೂ ಧರ್ಮಸಭೆಯ ಸ್ವರೂಪಕ್ಕೇ ಸೇರಿದವು ಎಂದು ಕಲಿಸಿದ್ದಾರೆ. ಮೂರರಲ್ಲಿ ಒಂದನ್ನು ಬಿಟ್ಟರೆ ಉಳಿದೆರಡೂ ಕುಂಟುತ್ತವೆ.

ನಾಲ್ಕನೆಯ ಮೂಲೆ: ಹಗ್ಗ ಬಿಡದಿರುವುದು

ಮಾಡಿನ ಮೇಲಿನಿಂದ ಹಾಸಿಗೆ ಇಳಿಸುವಾಗ ಒಬ್ಬ ಬೇಸರಪಟ್ಟು ಕೈಬಿಟ್ಟಿದ್ದರೆ ಏನಾಗುತ್ತಿತ್ತು? ಹೊರುವುದಕ್ಕಿಂತ ಇಳಿಸುವುದು ಕಷ್ಟ. ಅದಕ್ಕೆ ಬಲಕ್ಕಿಂತ ತಾಳ್ಮೆ ಬೇಕು.

ನಮ್ಮ ಭಕ್ತರು ಹುಬ್ಬಳ್ಳಿಯ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ತಿಂಗಳು ಅಂಗಳ ತುಂಬ ಚಪ್ಪಲಿಗಳು. ಹಣ್ಣು, ಬಿಸ್ಕತ್ತು, ಪ್ರಾರ್ಥನೆ. ಮೂರನೆಯ ತಿಂಗಳು ವಾರಕ್ಕೊಬ್ಬರು. ವರ್ಷ ಕಳೆಯುವಾಗ ಯಾರೂ ಇಲ್ಲ. ನಾನೂ ಕ್ರಿಸ್ತಜಯಂತಿಗೆ, ಪಾಸ್ಕ ಹಬ್ಬಕ್ಕೆ ಪರಮಪ್ರಸಾದ ಒಯ್ದು ಬರುತ್ತಿದ್ದೆ, ಅಷ್ಟೇ. ಒಂದು ದಿನ ಹೊರಡುವಾಗ ಅವರು ಹೇಳಿದರು: "ಫಾದರ್, ಅವತ್ತು ನಾಲ್ಕು ಜನ ಇದ್ದರು. ಈಗ ಇವಳೊಬ್ಬಳೇ ಇದ್ದಾಳೆ." ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡರು. ಎರಡು ಗಂಟೆಗೊಮ್ಮೆ ಅವರನ್ನು ಮಗ್ಗುಲು ಬದಲಿಸಬೇಕು, ರಾತ್ರಿಯೂ ಕೂಡ. ಇಲ್ಲವಾದರೆ ಬೆನ್ನಿನಲ್ಲಿ, ಸೊಂಟದಲ್ಲಿ ಹುಣ್ಣಾಗುತ್ತದೆ; ಒಮ್ಮೆ ಆದರೆ ಮಾಯುವುದು ಬಹಳ ಕಷ್ಟ. ಒಂದು ವರ್ಷದಿಂದ ಆ ಹೆಂಗಸು ಎರಡು ಗಂಟೆಗಿಂತ ಹೆಚ್ಚು ಒಟ್ಟಿಗೆ ಮಲಗಿರಲಿಲ್ಲ.

ಅಂದು ಸಂಜೆ ವಾರ್ಡಿನ ಕೂಟದಲ್ಲಿ ನಾನು ಉಪದೇಶ ಮಾಡಲಿಲ್ಲ, ಆ ಮಾತನ್ನು ಹಾಗೆಯೇ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಅಜ್ಜಿ, "ನನಗೆ ಹೇಗೂ ರಾತ್ರಿ ನಿದ್ದೆ ಇಲ್ಲ, ಶುಕ್ರವಾರ ನಾನು ಹೋಗ್ತೇನೆ, ಎತ್ತಲಿಕ್ಕೆ ಒಬ್ಬ ಹುಡುಗನನ್ನು ಕೊಡಿ" ಎಂದರು. ಹೀಗೆ ವಾರದಲ್ಲಿ ಎರಡು ರಾತ್ರಿಯ ಪಾಳಿ ಶುರುವಾಯಿತು. ಯುವಕರು ಅಂಗವಿಕಲರ ಕಾರ್ಡಿಗೆ, ಮಾಸಾಶನಕ್ಕೆ ಅರ್ಜಿ ತುಂಬಿ ತಾಲೂಕು ಕಚೇರಿಗೆ ಓಡಾಡಿದರು. ಇದೆಲ್ಲ ಪವಾಡವೇ ಎಂದು ಕೇಳಬಹುದು. ಆ ಹೆಂಗಸು ಮೊದಲ ಬಾರಿ ಬೆಳಗಿನ ತನಕ ಮಲಗಿ ಎದ್ದ ದಿನ ಚರ್ಚಿಗೆ ಬಂದು ಮೇಣದ ಬತ್ತಿ ಹಚ್ಚಿ ಹೋದರು. ಅವರನ್ನು ಕೇಳಿ.

ಮೊದಲು ಕ್ಷಮೆ

ರೋಗಿ ಬಂದದ್ದು ಕಾಲಿಗಾಗಿ; ಯೇಸು ಮೊದಲು ಕೊಟ್ಟದ್ದು ಕ್ಷಮೆ. ಇದನ್ನು ತಪ್ಪಾಗಿ ತಿಳಿಯಬಾರದು. ಅವನ ಪಾಪದಿಂದಲೇ ಕಾಯಿಲೆ ಬಂತು ಎಂದು ಇಲ್ಲಿ ಹೇಳಿಲ್ಲ. ಹುಟ್ಟು ಕುರುಡನ ವಿಷಯದಲ್ಲಿ ಶಿಷ್ಯರು ಯಾರ ಪಾಪ ಎಂದು ಕೇಳಿದಾಗ ಯೇಸು ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದರು (ಯೊವಾನ್ನ 9). ಆದ್ದರಿಂದ ಹಾಸಿಗೆ ಹಿಡಿದವರ ಮನೆಯಲ್ಲಿ ಕುಳಿತು 'ಏನು ಪಾಪ ಮಾಡಿದ್ದರೋ' ಎಂದು ಉಸುರುವ ನಾಲಿಗೆಗಳು ದಯವಿಟ್ಟು ಸುಮ್ಮನಿರಲಿ.

ಹಾಗಾದರೆ ಮೊದಲು ಕ್ಷಮೆ ಏಕೆ? ಒಂದು ಸಂಗತಿಯಿಂದ ನನಗೆ ಇದು ಅರ್ಥವಾಯಿತು. ಬೆನ್ನಿಗೆ ಪೆಟ್ಟಾದವರನ್ನು ಜೋಲಿಯಲ್ಲಿ ಹೊರಬಾರದು, ಹೊತ್ತರೆ ಬೆನ್ನು ಬಾಗುತ್ತದೆ, ಚಪ್ಪಟೆ ಹಲಗೆಯ ಮೇಲೆ ಕುತ್ತಿಗೆ ಮತ್ತು ಬೆನ್ನು ನೆಟ್ಟಗಿರುವಂತೆ ಕಟ್ಟಿ ತರಬೇಕಿತ್ತು ಎಂದು ಆಸ್ಪತ್ರೆಯ ವೈದ್ಯರು ತಿಳಿಸಿದರು. ಬಿದ್ದಾಗಲೇ ಹುರಿ ತುಂಡಾಗಿತ್ತೋ, ದಾರಿಯಲ್ಲಿ ಹೆಚ್ಚಾಯಿತೋ, ಅವರೂ ಹೇಳಲಾರದವರಾದರು. ಈ ಮಾತು ಸಿದ್ದಿ ಯುವಕನ ಕಿವಿಗೆ ಬಿತ್ತು. ಅವನು ಊಟ ಬಿಟ್ಟ, ಆ ಮನೆಯ ಕಡೆ ಹೋಗುವುದನ್ನೇ ನಿಲ್ಲಿಸಿದ. ಪಾಪನಿವೇದನೆಯ ಗುಟ್ಟಲ್ಲ ಇದು. ಅವನೇ ಎಲ್ಲರೆದುರು ಹೇಳಿಕೊಂಡು ಅತ್ತದ್ದು. ನಾನು ಏನು ಸಮಾಧಾನ ಹೇಳಿದರೂ ಅವನಿಗೆ ತಾಗಲಿಲ್ಲ. ಕೊನೆಗೆ ಅವನನ್ನು ಕರೆದುಕೊಂಡು ಆ ಮನೆಗೆ ಹೋದೆ. ಹಾಸಿಗೆಯಲ್ಲಿದ್ದವರು ಅವನ ಕೈ ಹಿಡಿದು, "ನೀವು ಹೊರದಿದ್ದರೆ ತೋಟದಲ್ಲೇ ಸಾಯುತ್ತಿದ್ದೆ ಮಾರಾಯ. ನೀನು ಬರದಿದ್ದರೆ ನನಗೆ ಬೇಜಾರು" ಎಂದರು. ಅಷ್ಟೇ. ಆ ಹುಡುಗ ಎದ್ದು ಅವರನ್ನು ಮಗ್ಗುಲು ಬದಲಿಸಿದ. ಪಾರ್ಶ್ವವಾಯು ಹಿಡಿದದ್ದು ಒಬ್ಬರಿಗೆ ಮಾತ್ರವಲ್ಲ ಎಂದು ಅಂದು ಕಂಡೆ. ಅಪರಾಧದ ಭಾವನೆಯೂ ಕೈಕಾಲು ಕಟ್ಟುತ್ತದೆ. ಕ್ಷಮೆ ಸಿಕ್ಕಾಗ ಮನುಷ್ಯ ಏಳುತ್ತಾನೆ.

ಕರುಣೆಗೆ ಕಲಿಕೆಯೂ ಬೇಕು ಎಂಬುದು ಇದರಲ್ಲಿನ ಇನ್ನೊಂದು ಪಾಠ. ಒಳ್ಳೆಯ ಮನಸ್ಸು ಸಾಲದು. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಬೇಡಿ, ನೀರು ಕುಡಿಸಲು ಅವಸರಪಡಬೇಡಿ. ತಲೆ, ಕುತ್ತಿಗೆ ಅಲುಗದಂತೆ ಹಿಡಿದು, ನಾಲ್ಕೈದು ಜನ ಒಟ್ಟಿಗೆ ಹಲಗೆಯ ಮೇಲೆ ಹೊರಳಿಸಿ. ಹಲಗೆ ಇಲ್ಲದಿದ್ದರೆ ಬಾಗಿಲನ್ನೇ ಕಳಚಿ. ಮಾಡು ಬಿಚ್ಚಿದವರ ಕಥೆ ಓದಿದ ನಾವು ಬಾಗಿಲು ಕಳಚಲು ಹಿಂಜರಿಯಬೇಕೇ? ಅಭ್ಯಂಗದ ವಿಷಯದಲ್ಲಿಯೂ ಒಂದು ಮಾತು. ಅದು ಕೊನೆಯುಸಿರಿನವರಿಗೆ ಮಾತ್ರವಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ತಿಳಿಸಿದೆ. ಗುರುಗಳನ್ನು ಕರೆದರೆ ಸಾವು ಹತ್ತಿರವಾಯಿತು ಎಂದು ಹೆದರದೆ, ಕಾಯಿಲೆ ಗಂಭೀರವಾದಾಗಲೇ ಕರೆಯಿರಿ.

ಹಾಸಿಗೆ ಹೊತ್ತವನು

ಯೇಸು ಆ ಮನುಷ್ಯನಿಗೆ ಹಾಸಿಗೆ ಬಿಟ್ಟು ಹೋಗು ಎನ್ನಲಿಲ್ಲ, ಹೊತ್ತುಕೊಂಡು ಹೋಗು ಎಂದರು. ಇಷ್ಟು ದಿನ ತನ್ನನ್ನು ಹೊತ್ತದ್ದನ್ನು ಇನ್ನು ಅವನು ಹೊರಬೇಕು.

ನಮ್ಮ ಭಕ್ತರು ಎದ್ದು ನಡೆಯಲಿಲ್ಲ. ಇಂದಿಗೂ ನಡೆಯುವುದಿಲ್ಲ. ಎಲ್ಲ ಪ್ರಾರ್ಥನೆಗೂ ನಾವು ಬಯಸಿದ ಉತ್ತರವೇ ಬರುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಆ ವರ್ಷದ ಚರ್ಚ್ ಹಬ್ಬಕ್ಕೆ ಮುಂಚೆ ಯುವಕರು ಏಳು ಮೆಟ್ಟಿಲುಗಳ ಒಂದು ಬದಿಯನ್ನು ಒಡೆದು ಇಳಿಜಾರು ಮಾಡಿದರು. ಹೊಳೆಯುವ ಕಲ್ಲು ಒಡೆದದ್ದಕ್ಕೆ ಗೊಣಗಿದವರೂ ಇದ್ದರು. ಹಬ್ಬದ ದಿನ ಗಾಲಿಕುರ್ಚಿ ಆ ಇಳಿಜಾರಿನಲ್ಲಿ ಹತ್ತಿ ಒಳಗೆ ಬಂದಾಗ ಗೊಣಗಿದವರೇ ಎದ್ದು ಜಾಗ ಬಿಟ್ಟರು.

ಈಗ ಅವರ ಬಳಿ ಒಂದು ಮೊಬೈಲಿದೆ. ನಮ್ಮ ಕಡೆ ಎಲ್ಲಿ ಯಾರು ಮರದಿಂದ ಬಿದ್ದು ಹಾಸಿಗೆ ಹಿಡಿದರೂ ಅವರಿಗೆ ಹೇಗೋ ಸುದ್ದಿ ತಿಳಿಯುತ್ತದೆ. ಜಾತಿ, ಮತ ಕೇಳದೆ ಆ ಮನೆಗೆ ಫೋನು ಮಾಡುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿಯ ಕೆಳಗೆ ಮೆತ್ತನೆ ಬಟ್ಟೆ ಇಡಿ, ಚರ್ಮ ಕೆಂಪಾದರೆ ತಡಮಾಡದೆ ನರ್ಸಮ್ಮನಿಗೆ ತೋರಿಸಿ, ಅರ್ಜಿಗೆ ಇಂಥ ಕಾಗದ ಬೇಕು ಎಂದು ಹೇಳುತ್ತಾರೆ. ಕೊನೆಗೆ, "ಮೊದಲ ವರ್ಷ ಸಾಯಬೇಕು ಅನಿಸುತ್ತದೆ. ನನಗೂ ಅನಿಸಿತ್ತು. ಆಮೇಲೆ ಹಾಗಾಗುವುದಿಲ್ಲ, ನಾನಿದ್ದೇನಲ್ಲ, ಫೋನು ಮಾಡು" ಎನ್ನುತ್ತಾರೆ. ಇದು ನಾನು ಕಂಡ ಹಾಸಿಗೆ ಹೊರುವಿಕೆ. ಜಗದ್ಗುರು ದ್ವಿತೀಯ ಜಾನ್ ಪಾಲರು ಫೆಬ್ರವರಿ 11ನ್ನು ವಿಶ್ವ ರೋಗಿಗಳ ದಿನವೆಂದು ಗೊತ್ತುಮಾಡಿದರು. 1993ರಲ್ಲಿ ಅದನ್ನು ಮೊದಲ ಬಾರಿ ಆಚರಿಸಲಾಯಿತು. ಅಂದು ನಾವು ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಅವರಿಂದ ಕಲಿಯುವುದನ್ನೂ ಅಂದೇ ಆರಂಭಿಸಬಹುದು.

ಮನೆಮಂದಿಯ ಚಿಂತನೆಗೆ

ಈ ವಾರ ಒಂದು ಸಂಜೆ ಜಪಸರದ ನಂತರ ಮಾರ್ಕನ ಈ ಭಾಗವನ್ನು ಮನೆಯವರೆಲ್ಲ ಸೇರಿ ಓದಿರಿ. ಮಕ್ಕಳೇ ಓದಲಿ. ಬಳಿಕ ಈ ಪ್ರಶ್ನೆಗಳನ್ನು ಮಾತಾಡಿಕೊಳ್ಳಿ.

1. ನಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದವರು ಯಾರಿದ್ದಾರೆ? ನಾವು ಅವರ ಮನೆಗೆ ಕೊನೆಯ ಬಾರಿ ಹೋದದ್ದು ಯಾವಾಗ?

2. ಅವರನ್ನು ನೋಡಿಕೊಳ್ಳುವವರು ಯಾರು? ಅವರಿಗೆ ಒಂದು ರಾತ್ರಿಯ ನಿದ್ದೆ ಕೊಡಲು ನಮ್ಮಿಂದ ಆಗುತ್ತದೆಯೇ?

3. ನಮ್ಮ ಚರ್ಚಿನಲ್ಲಿ, ನಮ್ಮ ಮನೆಯಲ್ಲಿ ಯಾರ ದಾರಿಗೆ ನಮ್ಮ ಬೆನ್ನು ಅಡ್ಡವಾಗಿದೆ?

4. ಒಳ್ಳೆಯದು ಮಾಡಲು ಹೋಗಿ ತಪ್ಪಾಯಿತು ಎಂದು ಕೊರಗುವವರು ನಮ್ಮ ಪರಿಚಯದಲ್ಲಿ ಇದ್ದಾರೆಯೇ? ಅವರಿಗೆ ಒಂದು ಮಾತು ಹೇಳಬಲ್ಲೆವೇ?

ಪ್ರಾರ್ಥನೆ

ಪ್ರಭು ಯೇಸುವೇ, ಮಾಡು ಬಿಚ್ಚಿ ಮಣ್ಣು ಸುರಿಸಿದವರನ್ನು ನೀವು ಗದರಿಸಲಿಲ್ಲ. ನಮ್ಮ ಸೇವೆಯ ಒರಟುತನವನ್ನೂ ತಪ್ಪುಗಳನ್ನೂ ಹಾಗೆಯೇ ಕ್ಷಮಿಸಿರಿ. ಬಾಗಿಲಿಗೆ ಅಡ್ಡ ನಿಂತ ನಮ್ಮನ್ನು ಪಕ್ಕಕ್ಕೆ ಸರಿಸಿರಿ. ಹೆಗಲು ಬದಲಾಯಿಸುವ ಹೊತ್ತಿಗೆ ಕೊಡೆ ಮಡಚಿ ಮುಂದೆ ಬರುವ ಮನಸ್ಸು ಕೊಡಿರಿ. ಹಗ್ಗ ಹಿಡಿದ ಕೈ ಸೋಲದಂತೆ ಕಾಪಾಡಿರಿ. ಆಮೆನ್.